ಜೀವಕೋಶ ಒಡೆದ ಮೇಲೂ ನಿಲ್ಲದ ಕೆಲಸ

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಿಂದ ಗಂಜಿ ಕಾಯಿಸಿದರೆ ಅದು ತೆಳ್ಳಗೆ ಬರುತ್ತದೆ. ಮೊಳಕೆ ಬರಿಸದ ಹಿಟ್ಟನ್ನು ಅಷ್ಟೇ ಅಳತೆಯಲ್ಲಿ ಅಷ್ಟೇ ನೀರಿಗೆ ಹಾಕಿದರೆ ಗಂಜಿ ಗಟ್ಟಿಯಾಗಿ ಸೌಟಿಗೆ ಮೆತ್ತಿಕೊಳ್ಳುತ್ತದೆ. ಹಾಲು ಬಿಡಿಸುವ ಮಗುವಿಗೆ ಮೊಳಕೆ ರಾಗಿಯ ಗಂಜಿ ಒಳ್ಳೆಯದೆನ್ನುವುದಕ್ಕೆ ಇದೊಂದು ದೊಡ್ಡ ಕಾರಣ. ಮಗು ಸುಲಭವಾಗಿ ನುಂಗುವಷ್ಟು ತೆಳ್ಳಗಿದ್ದರೂ ಅದರಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿ ಮತ್ತು ಹೆಸರುಕಾಳು ಬೆರೆಸಿ ಮಕ್ಕಳ ಆಹಾರ ರೂಪಿಸಿದ್ದೂ ಇದೇ ಗುಣವನ್ನು ನೆಚ್ಚಿಕೊಂಡು.

ಮೊಳಕೆಯೊಡೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿಕೊಳ್ಳಲು ಒಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಎಳೆಯ ಸಸಿ ಹಸಿರೆಲೆ ಬಿಟ್ಟು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ತನಕ ಆ ಸಕ್ಕರೆಯೇ ಬುತ್ತಿ. ಪಿಷ್ಟವನ್ನು ಕತ್ತರಿಸುವ ಈ ವಸ್ತುವಿನಂಥವನ್ನು ನಾವು ಕಿಣ್ವ ಎನ್ನುತ್ತೇವೆ. ಮನುಷ್ಯ ಸಾವಿರಾರು ವರ್ಷಗಳಿಂದ ಇವುಗಳಿಂದ ಕೆಲಸ ಮಾಡಿಸಿಕೊಂಡಿದ್ದಾನೆ. ಹಿಟ್ಟು ಹುದುಗಿಸಿದ್ದಾನೆ, ಹೆಂಡ ಇಳಿಸಿದ್ದಾನೆ, ತೊಗಲು ಹದ ಮಾಡಿದ್ದಾನೆ. ಕೆಲಸ ಮಾಡುತ್ತಿರುವುದು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ನೂರು ವರ್ಷಗಳ ಜಗಳ ಬೇಕಾಯಿತು. ಆ ಜಗಳದ ಕತೆಯಿದು.

ಹೊಟ್ಟೆಯಿಂದ ಹೊರಬಂದ ರಸ

ಹದಿನೆಂಟನೆಯ ಶತಮಾನದಲ್ಲಿ ಜೀರ್ಣಕ್ರಿಯೆ ಎಂದರೆ ಹೊಟ್ಟೆ ಆಹಾರವನ್ನು ಅರೆಯುವುದು ಎಂದೇ ಹಲವರು ನಂಬಿದ್ದರು. 1752ರಲ್ಲಿ ಫ್ರಾನ್ಸಿನ ರೆಯೋಮ್ಯೂರ್ ಒಂದು ಹದ್ದಿಗೆ ಎರಡೂ ತುದಿ ತೆರೆದ ಲೋಹದ ಕೊಳವೆಯಲ್ಲಿ ಮಾಂಸ ತುಂಬಿಸಿ ನುಂಗಿಸಿದ. ಹದ್ದು ಅರಗದ್ದನ್ನು ಕಕ್ಕುವ ಹಕ್ಕಿ. ಕೊಳವೆ ಹೊರಬಂದಾಗ ಲೋಹ ನೆಟ್ಟಗಿತ್ತು, ಒಳಗಿನ ಮಾಂಸ ಕರಗಿತ್ತು. ಅರೆಯುವ ಬಲ ಕೊಳವೆಯೊಳಗೆ ತಲುಪಲು ಸಾಧ್ಯವಿಲ್ಲ. ಹಾಗಾದರೆ ಮಾಂಸವನ್ನು ಕರಗಿಸಿದ್ದು ಯಾವುದೋ ರಸ. ಇಟಲಿಯ ಸ್ಪಲ್ಲಾನ್ಜಾನಿ ಇನ್ನೂ ಮುಂದೆ ಹೋಗಿ ಬಟ್ಟೆಯ ಪುಟ್ಟ ಚೀಲಗಳಲ್ಲಿ ಆಹಾರ ಕಟ್ಟಿ ತಾನೇ ನುಂಗಿದ. 1836ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್ ಜಠರರಸದಲ್ಲಿ ಮಾಂಸವನ್ನು ಕರಗಿಸುವ ವಸ್ತುವನ್ನು ಗುರುತಿಸಿ ಪೆಪ್ಸಿನ್ ಎಂದು ಕರೆದ.

ಅದಕ್ಕೂ ಮೂರು ವರ್ಷ ಮೊದಲು, 1833ರಲ್ಲಿ, ಪ್ಯಾರಿಸ್ಸಿನಲ್ಲಿ ಆನ್ಸೆಲ್ಮ್ ಪಾಯೆನ್ ಮತ್ತು ಜಾನ್ ಫ್ರಾನ್ಸ್ವಾ ಪೆರ್ಸೋ ಎಂಬ ಇಬ್ಬರು ಮೊಳಕೆ ಬರಿಸಿದ ಬಾರ್ಲಿಯನ್ನು ನೀರಲ್ಲಿ ಕಲಸಿ, ಸೋಸಿ, ಆ ನೀರಿಗೆ ಆಲ್ಕೋಹಾಲ್ ಸೇರಿಸಿದ್ದರು. ತಳದಲ್ಲಿ ಬಿಳಿಯ ಗಸಿ ನಿಂತಿತು. ಒಣಗಿಸಿದ ಆ ಪುಡಿ ತನ್ನ ತೂಕದ 2000 ಪಟ್ಟು ಪಿಷ್ಟವನ್ನು ಕರಗಿಸಬಲ್ಲದು ಎಂದು ಅವರು ಬರೆದರು. ಕುದಿಸಿದರೆ ಅದರ ಶಕ್ತಿ ಹೋಗುತ್ತಿತ್ತು. ಅದಕ್ಕೆ ಡಯಸ್ಟೇಸ್ ಎಂದು ಹೆಸರಿಟ್ಟರು. ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿದ ಮೊದಲ ಕಿಣ್ವ ಅದು. ಪಾಯೆನ್ ಬೀಟ್‌ರೂಟ್ ಸಕ್ಕರೆ ಕಾರ್ಖಾನೆ ನಡೆಸಿದ ಅನುಭವವಿದ್ದವನು. ಕಿಣ್ವಗಳ ಕತೆಯಲ್ಲಿ ಕಾರ್ಖಾನೆ ಮೊದಲ ದಿನದಿಂದಲೂ ಪ್ರಯೋಗಶಾಲೆಯ ಪಕ್ಕದಲ್ಲೇ ಇದೆ.

ಹೀಗೆ ಪಿಷ್ಟ ಕರಗಿಸುವ ವಸ್ತು ಸಿಕ್ಕಿತು, ಮಾಂಸ ಕರಗಿಸುವ ವಸ್ತುವೂ ಸಿಕ್ಕಿತು. ಎರಡೂ ದೇಹದಿಂದ ಹೊರಗೆ, ಗಾಜಿನ ಪಾತ್ರೆಯಲ್ಲೂ ಕೆಲಸ ಮಾಡುತ್ತಿದ್ದವು. ಆದರೆ ಒಂದು ಕೆಲಸ ಮಾತ್ರ ಯಾರ ಕೈಗೂ ಸಿಗಲಿಲ್ಲ. ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಹುದುಗುವಿಕೆ ಅದು.

ಯೀಸ್ಟ್ ಬದುಕಿರಲೇಬೇಕೆ?

ದ್ರಾಕ್ಷಿರಸ ನೊರೆಯೆದ್ದು ಮದ್ಯವಾಗುವಾಗ ತಳದಲ್ಲಿ ಶೇಖರವಾಗುವ ಯೀಸ್ಟ್ ಜೀವಿಯೇ, ಬರೀ ಗಸಿಯೇ? 1837ರ ಸುಮಾರಿಗೆ ಶ್ವಾನ್ ಮತ್ತು ಫ್ರಾನ್ಸಿನ ಕಾನ್ಯಾರ್ ಲಾತೂರ್, ಯೀಸ್ಟ್ ಮೊಗ್ಗೊಡೆದು ಬೆಳೆಯುವ ಜೀವಿ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು. ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರಿಗೆ ಇದು ರುಚಿಸಲಿಲ್ಲ. 1839ರಲ್ಲಿ ಲೀಬಿಗ್ ಮತ್ತು ವೋಲರ್ ಹೆಸರು ಹಾಕದೆ ಒಂದು ಅಣಕ ಲೇಖನ ಪ್ರಕಟಿಸಿದರು. ಅದರಲ್ಲಿ ಯೀಸ್ಟ್ ಎಂಬ ಪುಟ್ಟ ಪ್ರಾಣಿ ಸಕ್ಕರೆ ತಿಂದು ಹಿಂದಿನಿಂದ ಆಲ್ಕೋಹಾಲ್ ಬಿಡುತ್ತದೆ, ಅದರ ಮೂತ್ರಕೋಶ ಷಾಂಪೇನ್ ಸೀಸೆಯ ಆಕಾರದಲ್ಲಿದೆ! ಜರ್ಮನಿಯ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲೇ ಇಂಥ ಗೇಲಿ ಬಂತು.

ಗೇಲಿಗೆ ಉತ್ತರ ಕೊಟ್ಟವನು ಲೂಯಿ ಪಾಶ್ಚರ್. 1856ರಲ್ಲಿ ಲೀಲ್ ನಗರದ ಬೀಟ್‌ರೂಟ್ ಮದ್ಯ ತಯಾರಕರ ತೊಂದರೆಯನ್ನು ಪರಿಶೀಲಿಸಲು ಹೋದ ಪಾಶ್ಚರ್ ಹುದುಗುವಿಕೆಯನ್ನೇ ಹಿಡಿದು ಕೂತ. ಸಕ್ಕರೆ, ಅಮೋನಿಯಾ ಲವಣ, ಯೀಸ್ಟ್ ಬೂದಿಯ ಖನಿಜಗಳಿದ್ದ ದ್ರವಕ್ಕೆ ಅತಿ ಸ್ವಲ್ಪ ಯೀಸ್ಟ್ ಹಾಕಿದಾಗ ಯೀಸ್ಟೂ ಬೆಳೆಯಿತು, ಮದ್ಯವೂ ಬಂತು. ಬೆಳವಣಿಗೆ ಇಲ್ಲದಲ್ಲಿ ಹುದುಗುವಿಕೆಯೂ ಇಲ್ಲ. ಹಾಗಾಗಿ ಹುದುಗುವಿಕೆ ಜೀವದ ಕೆಲಸ, ಜೀವಕೋಶದಿಂದ ಅದನ್ನು ಬಿಡಿಸಿ ತೆಗೆಯಲಾಗದು ಎಂಬುದು ಪಾಶ್ಚರನ ತೀರ್ಮಾನ.

ವಿಜ್ಞಾನಿಗಳು ಎರಡು ಪಂಗಡವಾದರು. ಜಠರರಸ, ಮೊಳಕೆಗಾಳಿನ ರಸದಲ್ಲಿರುವುದು ಒಂದು ಬಗೆಯ ವಸ್ತು. ಯೀಸ್ಟಿನೊಳಗೆ ನಡೆಯುವುದು ಜೀವಶಕ್ತಿಯ ಕೆಲಸ. ಹೀಗೊಂದು ಗೋಡೆಯೇ ಎದ್ದಿತು. ಮೊದಲ ಬಗೆಯ ವಸ್ತುಗಳಿಗೆ 1870ರ ದಶಕದಲ್ಲಿ ಹೈಡೆಲ್‌ಬರ್ಗಿನ ವಿಲ್‌ಹೆಲ್ಮ್ ಕ್ಯೂನೆ ‘ಎನ್‌ಜೈಮ್’ ಎಂಬ ಹೆಸರು ಕೊಟ್ಟ. ಯೀಸ್ಟಿನೊಳಗೂ ಇಂಥದೇ ಒಂದು ರಾಸಾಯನಿಕ ವಸ್ತು ಇರಲೇಬೇಕು ಎಂದು ಮೊರಿಟ್ಸ್ ಟ್ರೌಬೆ 1858ರಲ್ಲೇ ವಾದಿಸಿದ್ದ. ವಾದ ಸರಿ, ಆದರೆ ಅದನ್ನು ಹೊರತೆಗೆದು ತೋರಿಸುವವರು ಯಾರು? ಪಾಶ್ಚರ್ ಸೇರಿದಂತೆ ಹಲವರು ಯೀಸ್ಟನ್ನು ಅರೆದರು, ಹೆಪ್ಪುಗಟ್ಟಿಸಿ ಕರಗಿಸಿದರು. ಸಿಕ್ಕ ರಸದಲ್ಲಿ ಸಕ್ಕರೆ ಹಾಗೇ ಉಳಿಯಿತು.

ಮ್ಯೂನಿಕ್ಕಿನ ಅಣ್ಣತಮ್ಮಂದಿರು

ಎಡ್ವರ್ಡ್ ಬುಕ್ನರ್ ಹುಟ್ಟಿದ್ದು 1860ರಲ್ಲಿ, ಮ್ಯೂನಿಕ್ಕಿನಲ್ಲಿ. ತಂದೆ ವೈದ್ಯಕೀಯ ಪ್ರಾಧ್ಯಾಪಕರು. ಹುಡುಗನಿಗೆ ಹನ್ನೆರಡು ವರ್ಷವಾದಾಗ ಅವರು ತೀರಿಕೊಂಡರು. ಓದು ಮುಂದುವರಿಸಲು ಕೈಹಿಡಿದವನು ಹತ್ತು ವರ್ಷ ದೊಡ್ಡವನಾದ ಅಣ್ಣ ಹಾನ್ಸ್. ನಡುವೆ ಹಣದ ಮುಗ್ಗಟ್ಟಿನಿಂದ ಓದು ನಿಂತು, ಎಡ್ವರ್ಡ್ ಆಹಾರ ಪದಾರ್ಥಗಳನ್ನು ಡಬ್ಬಿಯಲ್ಲಿ ಕಾಪಿಡುವ ಕಾರ್ಖಾನೆಯಲ್ಲಿ ದುಡಿದ. ಆಮೇಲೆ ರಸಾಯನಶಾಸ್ತ್ರಕ್ಕೆ ಮರಳಿ, ಅಡಾಲ್ಫ್ ಫಾನ್ ಬಾಯರ್ ಬಳಿ ಕಲಿತ.

1893ರಲ್ಲಿ ಎಡ್ವರ್ಡ್ ಯೀಸ್ಟಿನ ಜೀವಕೋಶಗಳನ್ನು ಮರಳಿನ ಜೊತೆ ಅರೆದು ಒಡೆಯುವ ಕೆಲಸಕ್ಕೆ ಕೈಹಾಕಿದ. ಇದರಿಂದ ಏನೂ ಬರುವುದಿಲ್ಲ ಎಂದು ಪ್ರಯೋಗಶಾಲೆಯ ಮೇಲಿನವರು ಅಭಿಪ್ರಾಯಪಟ್ಟರು. ಕೆಲಸ ಮೂರು ವರ್ಷ ನಿಂತುಹೋಯಿತು. ಆ ಹೊತ್ತಿಗೆ ಸೂಕ್ಷ್ಮಜೀವಿ ವಿಜ್ಞಾನಿಯಾಗಿ ಮ್ಯೂನಿಕ್ಕಿನ ನೈರ್ಮಲ್ಯ ಸಂಸ್ಥೆಯಲ್ಲಿದ್ದ ಹಾನ್ಸ್‌ಗೆ ಬೇರೆಯದೇ ಗುರಿಯಿತ್ತು. ರೋಗಾಣುಗಳ ಒಳಗಿನ ರಸವನ್ನು ಕೆಡದಂತೆ ಹೊರತೆಗೆದರೆ ಅದರಿಂದ ಔಷಧ ಮಾಡಬಹುದು ಎಂಬುದು ಆತನ ಆಸೆ. ಜೀವಕೋಶ ಒಡೆಯುವ ಒಳ್ಳೆಯ ವಿಧಾನ ಅವನಿಗೂ ಬೇಕಿತ್ತು.

1896ರಲ್ಲಿ ವಿಧಾನ ಸಿಕ್ಕಿತು. ಹಾನ್ಸ್‌ನ ಸಹಾಯಕ ಮಾರ್ಟಿನ್ ಹಾನ್ ಮರಳಿನ ಜೊತೆಗೆ ಕೀಸೆಲ್‌ಗೂರ್ ಸೇರಿಸಲು ಸೂಚಿಸಿದ. ಡಯಾಟಮ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು ಶೇಖರವಾಗಿ ಆದ ಹಗುರ ಮಣ್ಣು ಅದು. ತೊಳೆದು ಹಿಂಡಿದ ಯೀಸ್ಟ್ 1000 ಗ್ರಾಂ, ಸ್ಫಟಿಕ ಶಿಲೆಯ ಮರಳು 1000 ಗ್ರಾಂ, ಕೀಸೆಲ್‌ಗೂರ್ 250 ಗ್ರಾಂ. ಇವನ್ನು ಬೆರೆಸಿ ಅರೆದರೆ ಮೊದಲು ಪುಡಿಯಂತಿದ್ದದ್ದು ಜೀವಕೋಶಗಳು ಒಡೆದಂತೆ ತೇವವಾಗಿ, ಮೆತ್ತಗಿನ ಮುದ್ದೆಯಾಗುತ್ತಿತ್ತು. ಮುದ್ದೆಯನ್ನು ಗಟ್ಟಿ ಬಟ್ಟೆಯಲ್ಲಿ ಸುತ್ತಿ ಹೈಡ್ರಾಲಿಕ್ ಪ್ರೆಸ್ಸಿನಲ್ಲಿಟ್ಟು 400ರಿಂದ 500 ವಾಯುಭಾರದ ಒತ್ತಡದಲ್ಲಿ ಹಿಂಡಿದರು. ಉಳಿದ ಹಿಂಡಿಗೆ ನೀರು ಸೇರಿಸಿ ಮತ್ತೊಮ್ಮೆ ಅರೆದು ಹಿಂಡಿದರು. ಒಂದು ಕಿಲೋ ಯೀಸ್ಟಿನಿಂದ ಒಟ್ಟು ಸುಮಾರು ಅರ್ಧ ಲೀಟರ್ ರಸ ಇಳಿಯಿತು. ಹಳದಿ ಬಣ್ಣ, ತುಸು ಮಸುಕು, ಯೀಸ್ಟಿನ ಹಿತವಾದ ವಾಸನೆ. ಕಾಯಿಸಿದರೆ ಪ್ರೋಟೀನು ಗರಣೆಗಟ್ಟಿ ರಸ ಬಹುತೇಕ ಗಟ್ಟಿಯಾಗುತ್ತಿತ್ತು.

ಕಷ್ಟವೆಂದರೆ ಈ ರಸ ಬೇಗ ಕೆಡುತ್ತಿತ್ತು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಿದ್ದುದರಿಂದ ಕೆಡದಂತೆ ಕಾಪಾಡುವ ವಿಷಕಾರಿ ಔಷಧಗಳನ್ನು ಬೆರೆಸುವಂತಿರಲಿಲ್ಲ. ಹಣ್ಣನ್ನು ಸಕ್ಕರೆ ಪಾಕದಲ್ಲಿ ಕಾಪಿಡುತ್ತಾರಲ್ಲ, ಅದನ್ನೇ ಇಲ್ಲೂ ಮಾಡಿ ನೋಡಿದರು. ರಸಕ್ಕೆ ಗಾಢವಾದ ಸಕ್ಕರೆ ದ್ರಾವಣ ಬೆರೆಸಿದರು.

ರಜೆಯಲ್ಲಿ ಅಣ್ಣನ ಪ್ರಯೋಗಶಾಲೆಗೆ ಬಂದಿದ್ದ ಎಡ್ವರ್ಡ್ ಆ ಪಾತ್ರೆಯನ್ನು ನೋಡಿದ. ಗುಳ್ಳೆಗಳು ಏಳುತ್ತಿದ್ದವು.

ಬೇರೆಯವರಾಗಿದ್ದರೆ ರಸ ಕೆಟ್ಟಿತು ಎಂದು ಚೆಲ್ಲಿಬಿಡುತ್ತಿದ್ದರೇನೋ. ಮೂರು ವರ್ಷಗಳ ಹಿಂದೆ ಬಿಟ್ಟ ಪ್ರಶ್ನೆ ತಲೆಯಲ್ಲಿ ಇನ್ನೂ ಇದ್ದದ್ದರಿಂದ ಎಡ್ವರ್ಡ್‌ಗೆ ಅದರ ಅರ್ಥ ಹೊಳೆಯಿತು. ಯೀಸ್ಟಿನ ಜೀವಕೋಶಗಳಿಲ್ಲ, ಆದರೂ ಸಕ್ಕರೆ ಹುದುಗುತ್ತಿದೆ. ಸಕ್ಕರೆ ಬೆರೆಸಿದ ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಇಂಗಾಲದ ಡೈಆಕ್ಸೈಡ್ ಹೊರಡಲು ಶುರುವಾಗಿ ದಿನಗಟ್ಟಲೆ ನಡೆಯುತ್ತಿತ್ತು. ಜೊತೆಗೆ ಆಲ್ಕೋಹಾಲೂ ಹುಟ್ಟುತ್ತಿತ್ತು. ಉಳಿದುಕೊಂಡ ಯೀಸ್ಟಿನ ಕೆಲಸವಿರಬಹುದೇ ಎಂದು ಕ್ಲೋರೋಫಾರ್ಮ್ ಸೇರಿಸಿ ನೋಡಿದ. ಜೀವಿಗಳನ್ನು ಕೊಲ್ಲುವ ಕ್ಲೋರೋಫಾರ್ಮಿನಲ್ಲೂ ಗುಳ್ಳೆ ನಿಲ್ಲಲಿಲ್ಲ. ಯೀಸ್ಟ್ ದಾಟಲಾರದಷ್ಟು ಸಣ್ಣ ರಂಧ್ರಗಳ ಸೋಸುಕದಲ್ಲಿ ಹಾಯಿಸಿ ನೋಡಿದ. ಸೋಸಿದ ರಸವೂ ಸಕ್ಕರೆಯನ್ನು ಹುದುಗಿಸಿತು.

1897ರ ಜನವರಿಯಲ್ಲಿ ಜರ್ಮನ್ ಕೆಮಿಕಲ್ ಸೊಸೈಟಿಯ ಪತ್ರಿಕೆಗೆ ಆತ ಕಳಿಸಿದ ಲೇಖನದ ಶೀರ್ಷಿಕೆಯೇ ಎಲ್ಲವನ್ನೂ ಹೇಳುತ್ತಿತ್ತು: ‘ಯೀಸ್ಟ್ ಕೋಶಗಳಿಲ್ಲದ ಆಲ್ಕೋಹಾಲ್ ಹುದುಗುವಿಕೆ’. ರಸದಲ್ಲಿ ಕೆಲಸ ಮಾಡುವ ವಸ್ತುವಿಗೆ ಜೈಮೇಸ್ ಎಂದು ಹೆಸರಿಟ್ಟ. ವಿರೋಧಿಗಳು ಸುಮ್ಮನಿರಲಿಲ್ಲ, ರಸದಲ್ಲಿ ಜೀವದ್ರವ್ಯದ ಚೂರುಗಳು ಉಳಿದು ಕೆಲಸ ಮಾಡುತ್ತಿವೆ ಎಂದರು. ಬುಕ್ನರ್ ವರ್ಷಗಳ ಕಾಲ ಒಂದೊಂದು ಆಕ್ಷೇಪಕ್ಕೂ ಒಂದೊಂದು ಪ್ರಯೋಗದಿಂದ ಉತ್ತರ ಕೊಟ್ಟ. 1907ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದನ್ನು ನೋಡಲು ಅಣ್ಣ ಉಳಿದಿರಲಿಲ್ಲ. ಹಾನ್ಸ್ 1902ರಲ್ಲೇ ತೀರಿಕೊಂಡಿದ್ದ. ಮೊದಲ ಮಹಾಯುದ್ಧದಲ್ಲಿ ಸೈನ್ಯಾಧಿಕಾರಿಯಾಗಿ ಹೋದ ಎಡ್ವರ್ಡ್ 1917ರ ಆಗಸ್ಟ್‌ನಲ್ಲಿ ರುಮೇನಿಯಾದ ಫೋಕ್ಷಾನಿಯಲ್ಲಿ ಗಾಯಗೊಂಡು ಸತ್ತ.

ಜೈಮೇಸ್ ಒಂದೇ ವಸ್ತುವಲ್ಲ ಎಂಬುದು ಆಮೇಲೆ ತಿಳಿಯಿತು. ಗ್ಲೂಕೋಸ್ ಆಲ್ಕೋಹಾಲ್ ಆಗಲು ಹನ್ನೆರಡು ಮೆಟ್ಟಿಲುಗಳಿವೆ, ಮೆಟ್ಟಿಲಿಗೊಂದು ಕಿಣ್ವ. ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಈ ಕೆಲಸಕ್ಕೆ ಫಾಸ್ಫೇಟ್ ಬೇಕು, ಕುದಿಸಿದರೂ ಕೆಡದ ಒಂದು ಸಣ್ಣ ಸಹಾಯಕ ಅಣುವೂ ಬೇಕು ಎಂದು 1906ರ ಹೊತ್ತಿಗೆ ತೋರಿಸಿದರು. ನಮ್ಮ ದೇಹ ಆ ಸಹಾಯಕ ಅಣುವನ್ನು ಬಿ ಗುಂಪಿನ ನಯಾಸಿನ್ ವಿಟಮಿನ್ನಿನಿಂದ ಕಟ್ಟಿಕೊಳ್ಳುತ್ತದೆ. ಅತಿ ಸ್ವಲ್ಪ ವಿಟಮಿನ್ ಸಿಗದಿದ್ದರೂ ದೇಹ ಕುಸಿಯುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಆ ಮೆಟ್ಟಿಲುಗಳಲ್ಲಿ ಮೊದಲ ಹತ್ತು ನಮ್ಮ ಸ್ನಾಯುಗಳಲ್ಲೂ ಹಾಗೇ ಇವೆ. ಮದ್ಯದ ಪೀಪಾಯಿಯನ್ನು ಅರಿಯಲು ಹೊರಟವರು ಮನುಷ್ಯನ ಮೈಯನ್ನು ಅರಿತರು.

ಒಂದು ಕೈಯ ವಿಜ್ಞಾನಿ

ಕಿಣ್ವ ಒಂದು ವಸ್ತು ಎಂದಾಯಿತು. ಯಾವ ವಸ್ತು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪ್ರಶ್ನೆಗೆ ಅತಿ ದೊಡ್ಡ ದನಿಯಲ್ಲಿ ಉತ್ತರ ಹೇಳುತ್ತಿದ್ದವರು ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್. ಎಲೆಯ ಹಸಿರಿನ ರಹಸ್ಯ ಬಿಡಿಸಿ 1915ರಲ್ಲಿ ನೊಬೆಲ್ ಪಡೆದವರು. ಅವರ ಕಿಣ್ವದ್ರಾವಣಗಳು ಎಷ್ಟು ತಿಳಿಯಾಗಿದ್ದವೆಂದರೆ ಅವುಗಳಲ್ಲಿ ಪ್ರೋಟೀನು ಪರೀಕ್ಷೆಗೆ ಸಿಗುತ್ತಿರಲಿಲ್ಲ, ಆದರೂ ದ್ರಾವಣ ಕೆಲಸ ಮಾಡುತ್ತಿತ್ತು. ಹಾಗಾಗಿ ಕಿಣ್ವ ಪ್ರೋಟೀನ್ ಅಲ್ಲ, ಪ್ರೋಟೀನು ಅದನ್ನು ಹೊತ್ತು ತಿರುಗುವ ವಾಹಕ ಮಾತ್ರ ಎಂದು ಅವರು ಹೇಳಿದರು. ಆ ಮಾತಿಗೆ ಎದುರಾಡುವ ಧೈರ್ಯ ಕೆಲವರಿಗಷ್ಟೇ ಇತ್ತು.

ಅವರಲ್ಲೊಬ್ಬ ಅಮೆರಿಕದ ಜೇಮ್ಸ್ ಸಮ್ನರ್. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಜೊತೆಗಿದ್ದವನ ಗುಂಡು ತಗಲಿ ಸಮ್ನರ್ ಎಡಗೈ ಕಳೆದುಕೊಂಡ. ಆತ ಎಡಚ. ಬಲಗೈಯಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿತ, ಟೆನಿಸ್ ಆಡುವುದನ್ನೂ ಬಿಡಲಿಲ್ಲ. ಹಾರ್ವರ್ಡ್‌ನಲ್ಲಿ ಜೀವರಸಾಯನಶಾಸ್ತ್ರ ಕಲಿಯಲು ಹೋದಾಗ ಪ್ರಾಧ್ಯಾಪಕ ಓಟೋ ಫೋಲಿನ್, ಒಂದು ಕೈಯವನಿಗೆ ರಸಾಯನಶಾಸ್ತ್ರ ಆಗದು, ಕಾನೂನು ಓದು ಎಂದು ಬುದ್ಧಿ ಹೇಳಿದರು. ಸಮ್ನರ್ ಕೇಳಲಿಲ್ಲ. ಅದೇ ಫೋಲಿನ್ ಬಳಿ 1914ರಲ್ಲಿ ಡಾಕ್ಟರೇಟ್ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕನಾಗಿ ಹೋದ.

1917ರಲ್ಲಿ ಆತ ಹಿಡಿದ ಕೆಲಸ ಯೂರಿಯೇಸ್ ಎಂಬ ಕಿಣ್ವವನ್ನು ಶುದ್ಧವಾಗಿ ಬೇರ್ಪಡಿಸುವುದು. ಯೂರಿಯವನ್ನು ನೀರಿನ ಜೊತೆ ಸೇರಿಸಿ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವ ಕಿಣ್ವವಿದು. ಗಂಜಲ ನಿಂತ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಸೂಕ್ಷ್ಮಜೀವಿಗಳ ಯೂರಿಯೇಸ್ ಮಾಡಿದ ಕೆಲಸ. ಗದ್ದೆಗೆ ಎರಚಿದ ಯೂರಿಯ ಮಣ್ಣಲ್ಲಿ ಸೇರದೆ ಮೇಲೆಯೇ ಉಳಿದರೆ ಸಾರಜನಕ ಗಾಳಿಗೆ ಹೋಗಿ ರೈತನಿಗೆ ನಷ್ಟವಾಗುವುದೂ ಇದರಿಂದಲೇ. ಜಾಕ್ ಬೀನ್ ಎಂಬ ದಪ್ಪ ಬಿಳಿ ಕಾಳಿನಲ್ಲಿ ಯೂರಿಯೇಸ್ ಧಾರಾಳವಾಗಿದೆ ಎಂಬುದು ಆಗಲೇ ಗೊತ್ತಿತ್ತು. ಸಮ್ನರ್ ಆ ಕಾಳಿನ ಹಿಟ್ಟು ತೆಗೆದುಕೊಂಡು ಕೂತ.

ಪಾಠದ ಹೊರೆ ದೊಡ್ಡದಿತ್ತು, ಹಣ ಕಡಿಮೆಯಿತ್ತು, ಸಹಾಯಕರಿರಲಿಲ್ಲ. ಕಿಣ್ವಗಳ ಬಗ್ಗೆ ಪುಸ್ತಕ ಬರೆದಿದ್ದ ಜಾನ್ ಎಫ್ರೋನ್ ಬಳಿ ಕೆಲಸ ಮಾಡಲು ಬ್ರಸೆಲ್ಸ್‌ಗೆ ಹೋಗುವ ಯೋಚನೆಯಿತ್ತು. ಯೂರಿಯೇಸ್ ಬೇರ್ಪಡಿಸುವ ಆಲೋಚನೆಯೇ ಎಫ್ರೋನ್‌ಗೆ ಹಾಸ್ಯಾಸ್ಪದವಾಗಿ ಕಂಡದ್ದರಿಂದ ಅದೂ ಮುರಿದುಬಿತ್ತು. ದ್ರಾವಣವನ್ನು ತಣ್ಣಗಿಡಲು ಪ್ರಯೋಗಶಾಲೆಯಲ್ಲಿ ಐಸ್ ಪೆಟ್ಟಿಗೆ ಕೂಡ ಇರಲಿಲ್ಲ. ಸಮ್ನರ್ ಗಾಜಿನ ಜಾಡಿಗಳನ್ನು ಕಿಟಕಿಯ ಹೊರಗಿನ ಅಂಚಿನಲ್ಲಿಟ್ಟು, ರಾತ್ರಿ ಚಳಿ ಬೀಳಲಿ ಎಂದು ಕಾಯುತ್ತಿದ್ದ.

ಒಂಬತ್ತು ವರ್ಷ ಕಳೆಯಿತು. 1926ರಲ್ಲಿ ಆಲ್ಕೋಹಾಲಿನ ಬದಲು ನೀರು ಬೆರೆಸಿದ ಅಸಿಟೋನಿನಲ್ಲಿ ಹಿಟ್ಟನ್ನು ಕಲಸಿ ರಾತ್ರಿಯಿಡೀ ತಣ್ಣಗೆ ಸೋಸಲು ಬಿಟ್ಟ. ಬೆಳಿಗ್ಗೆ ಸೋಸಿದ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಎಂಟು ಮುಖಗಳ ಸಣ್ಣ ಸಣ್ಣ ಹರಳುಗಳು. ಹರಳುಗಳನ್ನು ಬೇರ್ಪಡಿಸಿ ನೀರಲ್ಲಿ ಕರಗಿಸಿ ಪರೀಕ್ಷಿಸಿದ. ಪ್ರೋಟೀನಿನ ಪರೀಕ್ಷೆಗಳೆಲ್ಲ ಹೌದೆಂದವು. ಯೂರಿಯೇಸಿನ ಶಕ್ತಿಯೂ ಬಹಳ ಹೆಚ್ಚಿತ್ತು. ಸಮ್ನರ್ ಮನೆಗೆ ಫೋನ್ ಮಾಡಿ, ಮೊದಲ ಕಿಣ್ವವನ್ನು ಹರಳಾಗಿಸಿದ್ದೇನೆ ಎಂದು ಹೆಂಡತಿಗೆ ತಿಳಿಸಿದ.

ಜಗತ್ತು ಕೂಡಲೇ ನಂಬಲಿಲ್ಲ. ಹರಳಿನಲ್ಲಿರುವುದು ವಾಹಕ ಪ್ರೋಟೀನ್, ಕಿಣ್ವ ಅದಕ್ಕೆ ಅಂಟಿಕೊಂಡಿದೆ ಎಂಬ ಹಳೆಯ ವಾದ ಮತ್ತೆ ಎದ್ದಿತು. 1930ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಜಾನ್ ನಾರ್ಥ್ರಪ್ ಪೆಪ್ಸಿನ್ನನ್ನೂ ಹರಳಾಗಿಸಿ, ಅದು ಪ್ರೋಟೀನೇ ಎಂಬುದಕ್ಕೆ ಒಂದರ ಮೇಲೊಂದು ಪುರಾವೆ ಕೊಟ್ಟ ಮೇಲೆ ವಾದ ಅಡಗಿತು. 1946ರ ನೊಬೆಲ್ ಸಮ್ನರ್‌ಗೆ ಅರ್ಧ, ಉಳಿದರ್ಧ ನಾರ್ಥ್ರಪ್ ಮತ್ತು ವೆಂಡೆಲ್ ಸ್ಟ್ಯಾನ್ಲಿಗೆ. ಯೂರಿಯೇಸಿನ ಒಳಗೆ ನಿಕ್ಕಲ್ ಪರಮಾಣುಗಳಿವೆ, ಅವೇ ಯೂರಿಯವನ್ನು ಹಿಡಿದು ಒಡೆಯಲು ನೆರವಾಗುತ್ತವೆ ಎಂಬುದು 1975ರಿಂದೀಚೆಗೆ ತಿಳಿದ ಸಂಗತಿ. ಎಲ್ಲ ಕಿಣ್ವಗಳೂ ಪ್ರೋಟೀನಲ್ಲ, ಕೆಲವು ಆರ್‌ಎನ್‌ಎ ಅಣುಗಳೂ ಈ ಕೆಲಸ ಮಾಡುತ್ತವೆ ಎಂಬುದು 1980ರ ದಶಕದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ತೋರಿಸಿದ ತಿದ್ದುಪಡಿ.

ಕಿಣ್ವ ಮಾಡುವುದೇನು?

ಯಾವ ರಾಸಾಯನಿಕ ಕ್ರಿಯೆಯಾದರೂ ನಡೆಯಬೇಕೆಂದರೆ ಅಣುಗಳು ಮೊದಲು ಬಾಗಿ, ಎಳೆದಾಡಿ, ಬಂಧ ಮುರಿಯುವಂಥ ಒಂದು ಕಷ್ಟದ ಸ್ಥಿತಿಗೆ ಬರಬೇಕು. ಅಷ್ಟು ಶಕ್ತಿ ಸಾಮಾನ್ಯ ಉಷ್ಣತೆಯಲ್ಲಿ ಹೆಚ್ಚಿನ ಅಣುಗಳಿಗೆ ಇರುವುದಿಲ್ಲ. ಕಿಣ್ವ ಆ ಕಷ್ಟದ ಸ್ಥಿತಿಗೆ ಹೊಂದುವಂಥ ಜಾಗವನ್ನು ತನ್ನ ಮೈಯಲ್ಲಿಟ್ಟುಕೊಂಡು, ಬೇಕಾದ ಶಕ್ತಿಯನ್ನು ತಗ್ಗಿಸುತ್ತದೆ. ಕೆಲಸ ಮುಗಿದ ಮೇಲೆ ತಾನು ಬದಲಾಗದೆ ಉಳಿದು ಮುಂದಿನ ಅಣುವನ್ನು ಹಿಡಿಯುತ್ತದೆ. ಒಂದು ಕಿಣ್ವಕ್ಕೆ ಒಂದೇ ಬಗೆಯ ಅಣು ಹೊಂದುವುದೇಕೆ ಎಂಬುದನ್ನು ಎಮಿಲ್ ಫಿಶರ್ 1894ರಲ್ಲಿ ಬೀಗ ಮತ್ತು ಕೀಲಿಯ ಹೋಲಿಕೆಯಿಂದ ವಿವರಿಸಿದ. ಕೀಲಿ ಬಂದಾಗ ಬೀಗವೂ ತುಸು ಆಕಾರ ಬದಲಿಸುತ್ತದೆ ಎಂದು 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಸೇರಿಸಿದ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್. ನಮ್ಮ ಕಣ್ಣೀರಲ್ಲೂ ಜೊಲ್ಲಿನಲ್ಲೂ ಇರುವ ಈ ಕಿಣ್ವವನ್ನು ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಪ್ರಕಟಿಸಿದ್ದ. 1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಎಕ್ಸ್‌ರೇ ಕಿರಣಗಳ ನೆರವಿನಿಂದ ಅದರ ರಚನೆ ಬಿಡಿಸಿತು. ರಚನೆ ತಿಳಿದ ಮೊದಲ ಕಿಣ್ವ ಅದು. 129 ಅಮೈನೋ ಆಮ್ಲಗಳ ಸರಪಳಿ ಸುರುಳಿಸುತ್ತಿ ಮಡಚಿಕೊಂಡಿದೆ. ನಡುವೆ ಒಂದು ಸೀಳು. ಬ್ಯಾಕ್ಟೀರಿಯಾದ ಹೊರಗೋಡೆಯ ಸಕ್ಕರೆ ಸರಪಳಿಯ ಆರು ಕೊಂಡಿಗಳು ಆ ಸೀಳಿನಲ್ಲಿ ಕೂರುತ್ತವೆ. ಸರಪಳಿಯಲ್ಲಿ 35ನೆಯ ಮತ್ತು 52ನೆಯ ಸ್ಥಾನದ ಎರಡು ಅಮೈನೋ ಆಮ್ಲಗಳು ಎರಡು ಬದಿಯಿಂದ ಒಂದು ಬಂಧದ ಮೇಲೆ ಕೆಲಸ ಮಾಡಿ ಅದನ್ನು ಮುರಿಯುತ್ತವೆ. ಗೋಡೆ ಬಿರಿದು ಬ್ಯಾಕ್ಟೀರಿಯಾ ಸಾಯುತ್ತದೆ. ಜೀವಶಕ್ತಿ ಎಂದು ಹೆದರಿ ದೂರ ನಿಂತ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಎರಡು ಅಮೈನೋ ಆಮ್ಲಗಳಿದ್ದವು.

ಕಿಣ್ವಗಳಿಲ್ಲದಿದ್ದರೆ ಏನಾಗುತ್ತಿತ್ತು? ನಮ್ಮ ಜೀವಕೋಶಗಳು ಆರ್‌ಎನ್‌ಎ ಕಟ್ಟಲು ಬೇಕಾದ ಇಟ್ಟಿಗೆಯನ್ನು ತಯಾರಿಸುವಾಗ ಒಂದು ಹಂತದಲ್ಲಿ ಇಂಗಾಲದ ಡೈಆಕ್ಸೈಡ್ ಅಣುವೊಂದನ್ನು ಕಳಚಬೇಕು. ಆ ಕ್ರಿಯೆ ಬರೀ ನೀರಿನಲ್ಲಿ ತಾನಾಗಿ ಅರ್ಧದಷ್ಟು ನಡೆಯಲು ಸುಮಾರು 7.8 ಕೋಟಿ ವರ್ಷ ಬೇಕು ಎಂದು 1995ರಲ್ಲಿ ಅಮೆರಿಕದ ವಿಜ್ಞಾನಿಗಳು ಅಳೆದರು. ಕಿಣ್ವದ ಒಂದು ಅಣು ಅದನ್ನು ಸೆಕೆಂಡಿಗೆ ಹತ್ತಾರು ಸಲ ಮಾಡಿ ಮುಗಿಸುತ್ತದೆ. ಬದುಕು ಒಂದು ಆಯುಷ್ಯದೊಳಗೆ ನಡೆಯುವಂತಾಗಿರುವುದು ಈ ವೇಗದಿಂದ.

ಕೆಲಸಗಾರನಿಲ್ಲದೆ ಕೆಲಸ

ಬುಕ್ನರ್ ಸಾಧಿಸಿದ್ದು ಒಂದು ತತ್ವ: ಜೀವಿಯ ಕೆಲಸವನ್ನು ಜೀವಿಯಿಂದ ಬಿಡಿಸಿ ತೆಗೆಯಬಹುದು. ಇಂದಿನ ಕಿಣ್ವೋದ್ಯಮ ನಿಂತಿರುವುದು ಅದರ ಮೇಲೆ. ಹಿಂದೆ ತೊಗಲು ಮೆತ್ತಗಾಗಲು ನಾಯಿ, ಪಾರಿವಾಳದ ಹಿಕ್ಕೆಯಲ್ಲಿ ಅದ್ದುತ್ತಿದ್ದರು. ಅಲ್ಲಿ ಕೆಲಸ ಮಾಡುವುದು ಕಿಣ್ವವೆಂದು ಊಹಿಸಿದ ಜರ್ಮನಿಯ ಓಟೋ ರೋಮ್ 1907ರ ಸುಮಾರಿಗೆ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವದಿಂದ ಅದೇ ಕೆಲಸ ಮಾಡಿಸಿದ. ಹದಗಾರರು ಆ ಹೊಲಸಿನಿಂದ ಪಾರಾದರು. ಬಟ್ಟೆ ಗಿರಣಿಗಳಲ್ಲಿ ನೇಯ್ಗೆಗೆ ಮೊದಲು ಹಾಸಿನ ನೂಲಿಗೆ ಹಾಕಿದ ಗಂಜಿಯನ್ನು ತೆಗೆಯಲು ಅಮೈಲೇಸ್, ಜೀನ್ಸ್ ಬಟ್ಟೆಯನ್ನು ಕಲ್ಲಿಲ್ಲದೆ ಮಾಸಲುಗೊಳಿಸಲು ಸೆಲ್ಯುಲೇಸ್, ಬಟ್ಟೆ ಒಗೆಯುವ ಪುಡಿಯಲ್ಲಿ ರಕ್ತ, ಸಾರಿನ ಕಲೆ ಬಿಡಿಸಲು ಪ್ರೋಟಿಯೇಸ್. ಚೀಸ್ ಮಾಡಲು ಬೇಕಾದ ಕಿಣ್ವವನ್ನು ಹಿಂದೆ ಮುಖ್ಯವಾಗಿ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. 1990ರಲ್ಲಿ ಅಮೆರಿಕ ಸೂಕ್ಷ್ಮಜೀವಿಗಳಲ್ಲಿ ತಯಾರಿಸಿದ ಅದೇ ಕಿಣ್ವದ, ಅಂದರೆ ಕೈಮೋಸಿನ್ನಿನ, ಬಳಕೆಗೆ ಒಪ್ಪಿಗೆ ಕೊಟ್ಟಿತು.

ಬೆಂಗಳೂರಿನ ಪಾಲೂ ಇದರಲ್ಲಿದೆ. 1978ರಲ್ಲಿ ಕಿರಣ್ ಮಜುಂದಾರ್ ಷಾ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರು ಮಾಡಿದಾಗ ಮೊದಲು ತಯಾರಿಸಿದ ಸರಕುಗಳಲ್ಲೊಂದು ಪಪೇನ್. ಪರಂಗಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲಿನಲ್ಲಿರುವ ಈ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಮಾಂಸ ಮೆತ್ತಗಾಗಲು, ಬಿಯರ್ ತಣ್ಣಗಾದಾಗ ಮಸುಕಾಗದಿರಲು ಅದನ್ನು ಬಳಸುತ್ತಾರೆ. ಆಕೆ ಆಸ್ಟ್ರೇಲಿಯಾದಲ್ಲಿ ಮದ್ಯ ತಯಾರಿಕೆ ಕಲಿತು ಬಂದವರು. ಹುದುಗುವಿಕೆಯ ವಿದ್ಯೆಯೇ ಮುಂದೆ ಔಷಧ ತಯಾರಿಕೆಗೂ ದಾರಿಯಾಯಿತು. ಕಂಪನಿಯ ಕಿಣ್ವ ವಿಭಾಗವನ್ನು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಕೊಂಡಿತು.

ಆಸ್ಪತ್ರೆಯಲ್ಲಂತೂ ಕಿಣ್ವವಿಲ್ಲದ ದಿನವಿಲ್ಲ. ಮೂತ್ರಪಿಂಡದ ಆರೋಗ್ಯ ತಿಳಿಯಲು ರಕ್ತದ ಯೂರಿಯ ಅಳೆಯುತ್ತಾರಲ್ಲ, ಆ ಪರೀಕ್ಷೆಯಲ್ಲಿ ಬಳಸುವುದು ಸಮ್ನರ್ ಹರಳಾಗಿಸಿದ ಯೂರಿಯೇಸ್. ಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಪಟ್ಟಿಯಲ್ಲೂ ಗ್ಲೂಕೋಸನ್ನು ಹಿಡಿಯುವ ಕಿಣ್ವವಿದೆ. ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು, ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಇವೂ ಅದೇ ಬಳಗದವು. ರಕ್ತದ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್, ನೋವಿನ ಆಸ್ಪಿರಿನ್, ಪೆನಿಸಿಲಿನ್ ಮೂರೂ ಗುಣ ಕೊಡುವುದು ಒಂದೊಂದು ಕಿಣ್ವದ ಕೆಲಸ ತಡೆಯುವ ಮೂಲಕ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್‌ಟಿ–ಪಿಸಿಆರ್ ಪರೀಕ್ಷೆಯಲ್ಲಿ ದುಡಿದದ್ದು ಎರಡು ಬಗೆಯ ಕಿಣ್ವಗಳು. ಒಂದು 1970ರಲ್ಲಿ ವೈರಸ್‌ಗಳಲ್ಲಿ ಸಿಕ್ಕ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಇನ್ನೊಂದರ ಮೂಲ, ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಯಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಕಂಡ ಬ್ಯಾಕ್ಟೀರಿಯಾ. ಬುಗ್ಗೆಯಲ್ಲಿ ಯಾವ ಜೀವಿ ಬದುಕುತ್ತದೆ ಎಂಬ ಕುತೂಹಲವಷ್ಟೇ ಬ್ರಾಕ್‌ಗೆ ಇದ್ದದ್ದು.

ಇದರಿಂದ ಏನೂ ಬರುವುದಿಲ್ಲ ಎಂದು ಬುಕ್ನರ್‌ಗೆ ಹೇಳಿದರು. ನಿನ್ನಿಂದ ಆಗುವುದಿಲ್ಲ ಎಂದು ಸಮ್ನರ್‌ಗೆ ಹೇಳಿದರು. ಹೇಳಿದವರು ದಡ್ಡರಾಗಿರಲಿಲ್ಲ, ಅವರಿಗೆ ಗೊತ್ತಿದ್ದ ವಿಜ್ಞಾನ ಅಷ್ಟನ್ನೇ ಹೇಳುತ್ತಿತ್ತು. ಹೊಸ ಅರಿವು ಹುಟ್ಟಿದ್ದು ಒಂದೇ ಪ್ರಶ್ನೆಯ ಜೊತೆ ವರ್ಷಗಟ್ಟಲೆ ಕೂರುವ ಹಟದಿಂದ. ನಮ್ಮ ಕಾಲೇಜುಗಳೂ ಸಂಶೋಧನಾ ಸಂಸ್ಥೆಗಳೂ ಅಂಥ ಹಟಕ್ಕೆ ಸಮಯ ಮತ್ತು ಜಾಗ ಕೊಡಬೇಕು.

ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಕಿಣ್ವದ ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆಯುವ ಮೊದಲು ಔಷಧದಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಎರಡು ಆಲೂಗಡ್ಡೆ ತರಿಸಿ. ಹಸಿ ಆಲೂಗಡ್ಡೆಯ ಚೂರಿನ ಮೇಲೆ ಪೆರಾಕ್ಸೈಡ್ ಹಾಕಿದರೆ ನೊರೆಯೇಳುತ್ತದೆ. ಆಲೂಗಡ್ಡೆಯನ್ನು ಕುಟ್ಟಿ, ಹಿಂಡಿ, ಬಟ್ಟೆಯಲ್ಲಿ ಸೋಸಿದ ರಸಕ್ಕೆ ಹಾಕಿದರೂ ನೊರೆಯೇಳುತ್ತದೆ. ಬೇಯಿಸಿದ ಚೂರಿಗೆ ಹಾಕಿದರೆ ಏಳುವುದಿಲ್ಲ. ಮೂರನ್ನೂ ತೋರಿಸಿ, ಕೆಲಸ ಮಾಡಿದ್ದು ಜೀವಕೋಶವೋ ಅದರೊಳಗಿನ ವಸ್ತುವೋ ಎಂದು ಮಕ್ಕಳನ್ನೇ ಕೇಳಿ. ಉತ್ತರವನ್ನು ಅವರೇ ಕಂಡುಕೊಳ್ಳಲಿ.